ಓಟಿಪಿ ಕೇಳುವವರು, ಓಟಿಪಿ ಹೇಳುವವರು

ಗಾಯಕ್ಕೆ ಬ್ಯಾಂಡೇಜ್ ಕಟ್ಟುವ ಮೊದಲು ಕೈ ತೊಳೆಯಬೇಕೆಂದು ಆರೈಕೆ ಮಾಡುವವರಿಗೆ ಯಾರೂ ನೆನಪಿಸಬೇಕಿಲ್ಲ. ಆದರೆ ಅದೇ ಕೈಯಲ್ಲಿರುವ ಮೊಬೈಲಿನ ವಿಷಯವೇನು? ಸೋಲದೇವನಹಳ್ಳಿಯ ಸುತ್ತಮುತ್ತ ನೀವು ಆಶಾ ಕಾರ್ಯಕರ್ತೆಯೋ, ಅಂಗನವಾಡಿ ಕಾರ್ಯಕರ್ತೆಯೋ, ವೃದ್ಧರನ್ನು ನೋಡಿಕೊಳ್ಳುವ ಹೋಮ್ ನರ್ಸೋ ಆಗಿದ್ದರೆ ನಿಮ್ಮ ಫೋನಿನ ಗ್ಯಾಲರಿಯನ್ನು ಒಮ್ಮೆ ತೆರೆದು ನೋಡಿ. ಯಾರದೋ ಆಧಾರ್, ಇನ್ಯಾರದೋ ಪಾಸ್‌ಬುಕ್ಕಿನ ಮೊದಲ ಪುಟ, ತಾಯಿ ಕಾರ್ಡ್, ರಕ್ತಪರೀಕ್ಷೆಯ ವರದಿ ಅಲ್ಲಿರಬಹುದು. ಕೆಲಸ ಮುಗಿದ ಮೇಲೂ ಅವು ಅಲ್ಲೇ ಉಳಿದಿರುತ್ತವೆ.

‘ಓಟಿಪಿ ಯಾರಿಗೂ ಹೇಳಬೇಡಿ’ ಎಂಬ ಮಾತು ಎಲ್ಲರಿಗೂ ಬಾಯಿಪಾಠ. ನಿಮ್ಮ ಕೆಲಸದಲ್ಲಿ ಅದು ಅಷ್ಟು ಸುಲಭವಲ್ಲ. 2025ರ ಜುಲೈಯಿಂದ ಅಂಗನವಾಡಿಯಲ್ಲಿ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಪಡೆಯಲು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖದ ಗುರುತು ದಾಖಲಾಗಬೇಕು. ಅದರ ನೋಂದಣಿಗೆ ಓಟಿಪಿಯೂ ಬೇಕು. ಆಭಾ ಆರೋಗ್ಯ ಸಂಖ್ಯೆ ಮಾಡಿಸುವಾಗಲೂ ಸಾಮಾನ್ಯವಾಗಿ ಹಾಗೆಯೇ. ಅಂದರೆ ಓಟಿಪಿ ಹೇಳುವ ಅಭ್ಯಾಸವನ್ನು ತಾಯಂದಿರಿಗೆ ಕಲಿಸಿದವರು ನಾವೇ. ನಾಳೆ ವಂಚಕನೊಬ್ಬ, ‘ಅಂಗನವಾಡಿ ಇಲಾಖೆಯಿಂದ ಮಾತಾಡ್ತಿದ್ದೀನಿ, ಮಾತೃವಂದನಾ ಯೋಜನೆಯ ಐದು ಸಾವಿರ ನಿಂತಿದೆ’ ಎಂದು ಫೋನ್ ಮಾಡಿದರೆ ಬಾಣಂತಿ ಸಂಶಯಪಡುವುದಾದರೂ ಏಕೆ?

ಆದ್ದರಿಂದ ನೀವೇ ಒಂದು ಕಟ್ಟುಪಾಡು ಹಾಕಿಕೊಳ್ಳಿ. ಓಟಿಪಿಯನ್ನು ಎದುರಿಗೆ ಕುಳಿತಾಗ ಮಾತ್ರ ಕೇಳಿ, ಫೋನಿನಲ್ಲಿ ಎಂದಿಗೂ ಬೇಡ. ಅಂಕೆ ಕೇಳುವ ಮೊದಲು ಸಂದೇಶವನ್ನು ಪೂರ್ತಿ ಓದಿ ಹೇಳಿ. ಅದು ಯಾವುದಕ್ಕೆ ಬಂದದ್ದು ಎಂಬುದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ‘ನಾನೇ ಫೋನ್ ಮಾಡಿ ಕೇಳಿದರೂ ಕೊಡಬೇಡಮ್ಮಾ’ ಎಂದು ಹೇಳಿ ಬನ್ನಿ. ಹಣ ಬರುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನೂ ತಿಳಿಸಿ.

ಓಟಿಪಿ ಇಲ್ಲದೆಯೂ ಹಣ ಹೋಗುತ್ತದೆ. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಯಿತು. ಅದಕ್ಕೆ ಆಧಾರ್ ಸಂಖ್ಯೆ, ಬೆರಳಚ್ಚು ಮತ್ತು ಬ್ಯಾಂಕಿನ ಹೆಸರು ಸಾಕಿತ್ತು. ಪಿಂಚಣಿಯನ್ನೇ ನಂಬಿದ ವೃದ್ಧರಿಗೆ ಇದು ಔಷಧಿಯ ಹಣ. ಅವರ ಒಪ್ಪಿಗೆ ಪಡೆದು, ಮನೆಯವರ ಎದುರಿನಲ್ಲಿ, ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಸಬಹುದು. ಒಂದು ತೊಡಕಿದೆ: ಬೀಗ ಹಾಕಿದ್ದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒಪ್ಪುವುದಿಲ್ಲ. ಹೋಗುವ ಮೊದಲು ತಾತ್ಕಾಲಿಕವಾಗಿ ತೆರೆಯಬೇಕು. ಇದನ್ನು ಹೇಳದೆ ಬೀಗ ಹಾಕಿದರೆ ಅಜ್ಜಿ ಅಕ್ಕಿಯಿಲ್ಲದೆ ಬರಿಗೈಯಲ್ಲಿ ಮರಳಿಯಾರು.

ಫೋನಿಗೆ ಲಾಕ್ ಇರಲಿ. ಮಕ್ಕಳ ಆಟಕ್ಕೆ ಅದೇ ಫೋನ್ ಕೊಡಬೇಡಿ. ಕೆಲಸ ಮುಗಿದ ಫೋಟೋ ಅಳಿಸಿ, ‘ಟ್ರ್ಯಾಶ್’ನಿಂದಲೂ ತೆಗೆಯಿರಿ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಲ್ಯಾಬ್ ರಿಪೋರ್ಟ್ ಎಂದು ಬಂದ ಫೈಲಿನ ಹೆಸರು ‘ಎಪಿಕೆ’ ಎಂದು ಕೊನೆಯಾದರೆ ಮುಟ್ಟಬೇಡಿ. ಅದು ಪತ್ರವಲ್ಲ, ನಿಮ್ಮ ಸಂದೇಶಗಳನ್ನು ಓದಬಲ್ಲ ಆ್ಯಪ್. ರೋಗಿಯ ಗಾಯದ ಚಿತ್ರವನ್ನು ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.

ಇಷ್ಟಾದರೂ ತಪ್ಪಾಗಬಹುದು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳೇ ದಾಳಿಗೆ ಸಿಕ್ಕಿ, ಚೀಟಿಗಳನ್ನು ದಿನಗಟ್ಟಲೆ ಕೈಯಲ್ಲಿ ಬರೆಯಬೇಕಾಯಿತು. ಕೆಲಸ ಹೋದೀತೆಂಬ ಭಯದಿಂದ ಹೋಮ್ ನರ್ಸ್ ಬಾಯಿ ಮುಚ್ಚಿಕೊಂಡರೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿದುಹೋಗುತ್ತದೆ. ಮನೆಯವರೇ, ಅವಳು ಬಂದು ಹೇಳಿದರೆ ಮೊದಲು ಗದರಬೇಡಿ, 1930ಕ್ಕೆ ಫೋನ್ ಮಾಡಿ. ಖಾತೆ ಸಂಖ್ಯೆ, ಹಣ ಹೋದ ಸಮಯ, ಮೊತ್ತ ಮತ್ತು ವಹಿವಾಟಿನ ಸಂಖ್ಯೆಯಿರುವ ಬ್ಯಾಂಕಿನ ಸಂದೇಶ ಕೈಯಲ್ಲಿರಲಿ. ಆ ಸಂದೇಶವನ್ನು ಅಳಿಸಬೇಡಿ.