ಹಳೇ ಕಾರು, ದೂರದ ದಾರಿ: ಹೊರಡೋ ಮೊದಲು ಗ್ಯಾರೇಜ್‌ನಲ್ಲಿ ಆಗಬೇಕಾದ್ದೇನು?

ಮಂಡ್ಯ: ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯಲ್ಲಿ ರಜಾ ದಿನ ಬೆಳಿಗ್ಗೆ ನಿಂತು ನೋಡಿದರೆ ಆಗಾಗ ಒಂದು ದೃಶ್ಯ ಸಿಗುತ್ತೆ. ಫಳಫಳ ಹೊಳೆಯೋ ಹಳೇ ಕಾರು, ಎತ್ತಿದ ಬಾನೆಟ್, ರೇಡಿಯೇಟರ್‌ನಿಂದ ಏಳ್ತಿರೋ ಹಬೆ, ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತ ಮಾಲೀಕ. ಬಣ್ಣ ಹೊಸದು, ಸೀಟು ಹೊಸದು, ಕ್ರೋಮ್ ಬಂಪರ್‌ನಲ್ಲಿ ಮುಖ ಕಾಣುತ್ತೆ. ಆದರೆ ಬೆಂಗಳೂರು ಬಿಟ್ಟು ಮದ್ದೂರು ಮುಟ್ಟೋದರೊಳಗೆ, ಅಂದರೆ 80 ಕಿ.ಮೀ. ಆಸುಪಾಸಿನಲ್ಲೇ ಗಾಡಿ ಸುಸ್ತು.

ಹಳೇ ಕಾರುಗಳ ಓಟಗಳಿಗೆ ಬೆಂಗಳೂರು-ಮೈಸೂರು ದಾರಿ ಮೊದಲಿನಿಂದಲೂ ಅಚ್ಚುಮೆಚ್ಚು. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಬದಿಯಲ್ಲಿ ಧರ್ಮಸ್ಥಳದವರ ‘ಪಯಣ’ ಕಾರು ಮ್ಯೂಸಿಯಂ ಆದ ಮೇಲೆ ಜಿಲ್ಲೆಯ ಜನಕ್ಕೂ ಇದರ ಮೇಲೆ ಆಸೆ ಹೆಚ್ಚಿದೆ. ಮನೆ ಹಿಂದಿನ ಶೆಡ್‌ನಲ್ಲಿ ಧೂಳು ತಿನ್ನುತ್ತಿದ್ದ ತಾತನ ಅಂಬಾಸಿಡರ್, ಮಾವನ ಫಿಯಟ್ ಹೊರಗೆ ಬರ್ತಿವೆ. ಮ್ಯೂಸಿಯಂನಲ್ಲಿ ನಿಲ್ಲಿಸೋದು ಬೇರೆ, 500 ಕಿ.ಮೀ. ಓಡಿಸೋದು ಬೇರೆ. ಮದುವೆ ಮೆರವಣಿಗೆಗೆ ಊರೊಳಗೆ ಎರಡು ಕಿ.ಮೀ. ಹೋಗಿ ಬಂದ ಗಾಡಿ ದಿಂಬಂ ಘಾಟಿ ಇಳಿಯುತ್ತೆ ಅಂತ ನಂಬಿಕೊಂಡು ಹೊರಟರೆ ಪ್ರಾಣಕ್ಕೇ ಸಂಚಕಾರ.

ಗೆದ್ದಿದ್ದು ಸಾದಾ ಕಾರು

ದೂರದ ಓಟದಲ್ಲಿ ಉಳಿಯೋದು ವೇಗದ ಕಾರಲ್ಲ, ಕೆಡದ ಕಾರು. ಇದಕ್ಕೆ ಒಳ್ಳೇ ಉದಾಹರಣೆ 1968ರ ಲಂಡನ್-ಸಿಡ್ನಿ ಮ್ಯಾರಥಾನ್. ನವೆಂಬರ್ 24ಕ್ಕೆ ಲಂಡನ್‌ನಿಂದ 98 ಕಾರು ಹೊರಟವು. ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ದೆಹಲಿಗೆ, ಅಲ್ಲಿಂದ ಬಾಂಬೆಗೆ ಬಂದು, ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದವು. ಸಿಡ್ನಿ ಮುಟ್ಟಿದ್ದು 56. ಗೆದ್ದಿದ್ದು ಆಂಡ್ರ್ಯೂ ಕೋವನ್ ತಂಡದ ಹಿಲ್‌ಮನ್ ಹಂಟರ್. ಇಂಗ್ಲೆಂಡಿನಲ್ಲಿ ಮನೆಮಂದಿ ಸಂತೆಗೆ ತಗೊಂಡು ಹೋಗೋಂಥ ಸಾದಾ ಕಾರು ಅದು. ದೊಡ್ಡ ಎಂಜಿನ್ನಿನ, ದೊಡ್ಡ ಹೆಸರಿನ ಎಷ್ಟೋ ಗಾಡಿಗಳು ದಾರಿಯಲ್ಲಿ ಒಂದೊಂದಾಗಿ ಉದುರಿಹೋದವು.

ನಮ್ಮ ಅಂಬಾಸಿಡರ್ ಕೂಡ ಅದೇ ಜಾತಿಯ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು. 1950ರ ದಶಕದ ಕೊನೆಗೆ ಶುರುವಾಗಿ 2014ರವರೆಗೂ ನಡೆಯಿತು. 1489 ಸಿ.ಸಿ. ಪೆಟ್ರೋಲ್ ಎಂಜಿನ್, ಹಿಂದೆ ಪ್ಲೇಟ್ ಸ್ಪ್ರಿಂಗ್, ಸುತ್ತಿಗೆ ಸ್ಪ್ಯಾನರ್‌ನಲ್ಲಿ ರಿಪೇರಿ ಆಗೋ ಮೈಕಟ್ಟು. ಪ್ರೀಮಿಯರ್ ಪದ್ಮಿನಿ, ಅಂದರೆ ಜನರ ಬಾಯಲ್ಲಿ ಫಿಯಟ್, 1089 ಸಿ.ಸಿ.ಯದು. ಎರಡಕ್ಕೂ ದೂರ ಓಡೋ ತಾಕತ್ತಿದೆ. ಗಂಟೆಗೆ 60ರ ಆಸುಪಾಸಿನಲ್ಲಿ ಬಿಟ್ಟರೆ ದಿನವಿಡೀ ಓಡ್ತವೆ.

ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು

ಹೆಚ್ಚಿನವರು ದುಡ್ಡು ಸುರಿಯೋದು ಎಂಜಿನ್ನಿಗೆ ಮತ್ತು ಪೇಂಟಿಗೆ. ಅದು ತಪ್ಪು. ಮೊದಲ ಕೆಲಸ ಬ್ರೇಕ್‌ದು.

ಹಳೇ ಅಂಬಾಸಿಡರ್, ಫಿಯಟ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಒಂದೇ ಲೈನು. ಈಗಿನ ಕಾರಿನಲ್ಲಿ ಒಂದು ಕಡೆ ಪೈಪ್ ಒಡೆದರೆ ಇನ್ನೆರಡು ಚಕ್ರವಾದರೂ ಹಿಡಿಯುತ್ತವೆ. ಹಳೇದರಲ್ಲಿ ಒಂದು ರಬ್ಬರ್ ಹೋಸ್ ಒಡೆದರೆ ಪೆಡಲ್ ನೇರ ನೆಲಕ್ಕೆ, ನಾಲ್ಕೂ ಚಕ್ರ ಖಾಲಿ. ಹಂಗಾಗಿ ಹೋಸ್‌ಗಳನ್ನು ನೋಡೋಕೆ ಚೆನ್ನಾಗಿವೆ ಅಂತ ಬಿಡಬಾರದು. ಹಳೇ ಹೋಸ್ ಹೊರಗೆ ಸರಿಯಾಗಿದ್ದು ಒಳಗೆ ಊದಿಕೊಂಡಿರುತ್ತೆ. ಬ್ರೇಕ್ ಒತ್ತಿದ ಮೇಲೆ ಆಯಿಲ್ ವಾಪಸ್ ಬರದೆ ಚಕ್ರ ಹಿಡಿದುಕೊಂಡೇ ಇರುತ್ತೆ, ಡ್ರಮ್ ಕಾಯುತ್ತೆ. ನಾಲ್ಕೂ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ರಬ್ಬರ್ ಕಿಟ್, ಎಲ್ಲ ಹೋಸ್ ಒಟ್ಟಿಗೆ ಬದಲಾಗಬೇಕು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತೆ. ವರ್ಷಗಟ್ಟಲೆ ಹಾಗೇ ಇದ್ದ ಆಯಿಲ್‌ನಲ್ಲಿ ನೀರು ಸೇರಿರುತ್ತೆ. ಊರೊಳಗೆ ಗೊತ್ತಾಗಲ್ಲ. ಘಾಟಿಯಲ್ಲಿ ಸತತ ಬ್ರೇಕ್ ಹಿಡಿದಾಗ ಆ ನೀರು ಕುದ್ದು ಹಬೆ ಆಗುತ್ತೆ, ಹಬೆ ಅಮುಕಿಕೊಳ್ಳುತ್ತೆ, ಬ್ರೇಕ್ ಹಿಡಿಯಲ್ಲ. ಮಳವಳ್ಳಿ ಕಡೆಯಿಂದ ಕೊಳ್ಳೇಗಾಲ, ಚಾಮರಾಜನಗರ ದಾಟಿ ಹಾಸನೂರು ಮೇಲೆ ಸತ್ಯಮಂಗಲಕ್ಕೆ ಹೋಗೋರಿಗೆ ದಿಂಬಂನಲ್ಲಿ 27 ತಿರುವು ಕಾದಿರುತ್ತವೆ. ಅಲ್ಲಿ ಇಳಿಯುವಾಗ ಎರಡನೇ ಗೇರ್‌ನಲ್ಲೇ ಎಂಜಿನ್ ಹಿಡಿತದಲ್ಲಿ ಇಳಿಸಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯೋದಲ್ಲ, ಒತ್ತಿ ಬಿಡಬೇಕು. ಡೀಸೆಲ್ ಉಳಿಸೋ ಲಾರಿಯವರ ಹಂಗೆ ನ್ಯೂಟ್ರಲ್ ಮಾಡಿದರೆ ಕಥೆ ಮುಗೀತು. ಹ್ಯಾಂಡ್ ಬ್ರೇಕ್ ಕೇಬಲ್ಲಿನಲ್ಲಿ ಹಿಂದಿನ ಚಕ್ರ ಹಿಡಿಯೋದು, ಆಯಿಲ್ ಹೋದರೂ ಅದು ಕೆಲಸ ಮಾಡುತ್ತೆ. ಕೊನೇ ಆಸರೆ ಅದೊಂದೇ. ಅದನ್ನೂ ಸರಿಯಾಗಿ ಟೈಟ್ ಮಾಡಿಸಿರಬೇಕು.

ಟೈರ್‌ನಲ್ಲಿ ಗುಂಡಿ ಇದ್ದರೆ ಸಾಲದು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 1412 ಅಂತಿದ್ದರೆ 2012ರ 14ನೇ ವಾರದ ಟೈರು. ಕಡಿಮೆ ಓಡಿದ ಗಾಡಿಯ ಟೈರ್ ಸವೆಯಲ್ಲ, ಒಣಗುತ್ತೆ. ಒಣಗಿದ ಟೈರ್ ಬಿಸಿ ರಸ್ತೆಯಲ್ಲಿ ಸಿಡಿಯುತ್ತೆ. ಅಂಬಾಸಿಡರ್‌ಗೆ 15 ಇಂಚಿನದು, ಫಿಯಟ್‌ಗೆ 14 ಇಂಚಿನದು ಬೇಕು. ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಮೊದಲೇ ಹೇಳಿ ತರಿಸಿಕೊಳ್ಳಬೇಕು.

ಕಾಯಿಸಿಕೊಂಡರೆ ಕೆಲಸ ಕೆಟ್ಟಿತು

ಹಳೇ ಗಾಡಿ ದಾರಿಯಲ್ಲಿ ನಿಲ್ಲೋಕೆ ಮುಖ್ಯ ಕಾರಣ ಬಿಸಿ. ವರ್ಷಾನುಗಟ್ಟಲೆ ಬೋರ್‌ವೆಲ್ ನೀರು ಹಾಕಿದ ರೇಡಿಯೇಟರ್‌ನ ನಳಿಗೆಯೊಳಗೆ ಸುಣ್ಣದ ಪದರ ಕಟ್ಟಿರುತ್ತೆ. ಮನೆಯ ಸೋಲಾರ್ ಗೀಸರ್‌ನಲ್ಲಿ ಕಟ್ಟುತ್ತಲ್ಲ, ಅದೇ. ನಿಂತಲ್ಲೇ ಎಂಜಿನ್ ಓಡಿಸಿದರೆ ಗೊತ್ತಾಗಲ್ಲ, 50 ಕಿ.ಮೀ. ಆದ ಮೇಲೆ ಸೂಜಿ ಮೇಲೇರುತ್ತೆ. ರೇಡಿಯೇಟರ್ ಬಿಚ್ಚಿ, ಮೇಲಿನ ಕೆಳಗಿನ ಟ್ಯಾಂಕ್ ತೆಗೆದು, ಪ್ರತಿ ನಳಿಗೆಗೂ ಕಡ್ಡಿ ಹಾಯಿಸಿ ಮತ್ತೆ ಬೆಸುಗೆ ಹಾಕಿಸಬೇಕು. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಟ್ರ್ಯಾಕ್ಟರ್ ರೇಡಿಯೇಟರ್ ಮಾಡೋರು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಇದ್ದಾರೆ. ಹಿತ್ತಾಳೆ ರೇಡಿಯೇಟರ್ ಕೆಲಸ ಅವರ ಕೈಗೆ ಗೊತ್ತಿರೋದೇ.

ಜೊತೆಗೆ ಫ್ಯಾನ್ ಬೆಲ್ಟ್, ಮೇಲಿನ ಕೆಳಗಿನ ಹೋಸ್, ರೇಡಿಯೇಟರ್ ಮುಚ್ಚಳ, ವಾಟರ್ ಪಂಪ್. ಕಾದ ಎಂಜಿನ್ನಿನ ಮುಚ್ಚಳ ಬಿಚ್ಚೋ ಚಟ ಬಿಡಬೇಕು. ಅರ್ಧ ಗಂಟೆ ಕಾಯಿರಿ, ಟೀ ಕುಡೀರಿ. ಮುಖ ಸುಟ್ಟುಕೊಂಡವರು ಎಲ್ಲ ಊರಲ್ಲೂ ಇದ್ದಾರೆ.

ನಮ್ಮ ಕಬ್ಬು, ನಮ್ಮ ಪೆಟ್ರೋಲ್

ಈಗ ಬಂಕಿನಲ್ಲಿ ಸಿಗ್ತಿರೋದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿಯನ್ನು ಕೇಂದ್ರ 2025ಕ್ಕೇ ಮುಟ್ಟಿತು. ಈ ಎಥೆನಾಲ್ ಬರೋದರಲ್ಲಿ ಕಬ್ಬಿನ ಪಾಲು ದೊಡ್ಡದು. 1933ರಿಂದ ಸಕ್ಕರೆ ಕಾರ್ಖಾನೆ ಕಂಡಿರೋ ಜಿಲ್ಲೆ ನಮ್ಮದು. ಕಬ್ಬು ಬೆಳೆಗಾರನಿಗೆ ಎಥೆನಾಲ್ ಒಳ್ಳೇ ಸುದ್ದಿ. ಅದೇ ಬೆಳೆಗಾರನ ಶೆಡ್‌ನಲ್ಲಿರೋ 1975ರ ಫಿಯಟ್‌ಗೆ ಮಾತ್ರ ಅಲ್ಲ.

ಯಾಕೆ? ಆ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಬುರೇಟರ್ ವಾಷರ್‌ಗಳು ಎಥೆನಾಲ್ ತಡೆಯಲ್ಲ. ಊದುತ್ತವೆ, ಮೆತ್ತಗಾಗಿ ಬಿರಿಯುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ. ಎಥೆನಾಲ್ ನೀರು ಹೀರೋದೂ ಉಂಟು. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ತಳಕ್ಕೆ ಇಳಿದು ತುಕ್ಕು ಹಿಡಿಸುತ್ತೆ. ಜೊತೆಗೆ ಹಳೇ ತುಕ್ಕು, ಅಂಟನ್ನು ಎಬ್ಬಿಸಿ ಕಾರ್ಬುರೇಟರ್‌ನ ಸಣ್ಣ ತೂತಿಗೆ ತಂದು ತುಂಬುತ್ತೆ.

ಪರಿಹಾರ ಇದೆ, ದುಬಾರಿಯೂ ಅಲ್ಲ. ಟ್ಯಾಂಕ್ ಇಳಿಸಿ ತೊಳೆಸೋದು, ಎಲ್ಲ ಪೈಪ್ ತೆಗೆದು ಎಥೆನಾಲ್ ತಡೆಯೋ ದರ್ಜೆಯ ಪೈಪ್ ಹಾಕೋದು, ಡಯಾಫ್ರಂ ಬದಲಿಸೋದು, ಒಳಗಿನದು ಕಾಣೋ ಫಿಲ್ಟರ್ ಒಂದನ್ನು ದಾರಿಯಲ್ಲಿ ಕೂರಿಸೋದು. ಎಥೆನಾಲ್ ಬೆರೆತ ಪೆಟ್ರೋಲ್‌ನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತೆ, ಅದಕ್ಕೆ ಕಾರ್ಬುರೇಟರ್ ಸ್ವಲ್ಪ ರಿಚ್ ಮಾಡಿಸಬೇಕಾಗುತ್ತೆ. ಓಟ ಮುಗಿದ ಮೇಲೆ ಟ್ಯಾಂಕಿನಲ್ಲಿ ಆ ಪೆಟ್ರೋಲ್ ಬಿಟ್ಟು ಮೂರು ತಿಂಗಳು ಮರೆಯೋದು ಬೇಡ.

ಬೇಸಿಗೆಯಲ್ಲಿ ಇನ್ನೊಂದು ಕಾಟ. ಎಂಜಿನ್ ಕಾವಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಪಂಪು ಎಳೆಯಲ್ಲ. ಗಾಡಿ ನಿಂತು, ಅರ್ಧ ಗಂಟೆ ಬಿಟ್ಟು ತಾನೇ ಸ್ಟಾರ್ಟ್ ಆದರೆ ಇದೇ ಕಾಯಿಲೆ ಅಂತ ಅರ್ಥ. ಹಿಂದಿನ ಟ್ಯಾಕ್ಸಿ ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಇವತ್ತಿಗೂ ಅದೇ ಮದ್ದು.

ಕರೆಂಟಿನ ಕೆಲಸ

ಪಾಯಿಂಟ್, ಕಂಡೆನ್ಸರ್, ರೋಟರ್, ಪ್ಲಗ್ ಹೊಸದು ಹಾಕಿ ಹಳೇದನ್ನು ಬಿಸಾಕದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು. ಈಗಿನ ಕಂಡೆನ್ಸರ್‌ಗಳಲ್ಲಿ ಹೊಸದಕ್ಕಿಂತ ಓಡಿ ನೋಡಿದ ಹಳೇದೇ ವಾಸಿ ಅನ್ನೋ ಪರಿಸ್ಥಿತಿ ಎಷ್ಟೋ ಸಲ ಇರುತ್ತೆ. ಡೈನಮೋ ಇರೋ ಗಾಡಿಯಲ್ಲಿ ಎಂಜಿನ್ ನಿಧಾನಕ್ಕಿದ್ದಾಗ ಬ್ಯಾಟರಿ ಚಾರ್ಜ್ ಆಗಲ್ಲ. ಸಂಜೆ ಟ್ರಾಫಿಕ್‌ನಲ್ಲಿ ಹೆಡ್‌ಲೈಟ್ ಹಾಕಿಕೊಂಡು ನಿಂತರೆ ಬ್ಯಾಟರಿ ಇಳಿಯುತ್ತೆ. ಬ್ಯಾಟರಿ ಅಂಗಡಿಯವರಿಗೊಂದು ಮಾತು: ಹಳೇ ಇಂಗ್ಲಿಷ್ ಗಾಡಿ ಕೆಲವಕ್ಕೆ ಬಾಡಿಗೆ ಕೊಡೋ ಅರ್ತ್ ಪ್ಲಸ್ ತುದಿಯದು. ಅಭ್ಯಾಸಬಲದಿಂದ ಮೈನಸ್ ಕೊಟ್ಟರೆ ಎಡವಟ್ಟು. ಬಿಚ್ಚೋ ಮೊದಲು ಒಂದು ಫೋಟೊ ತೆಗೆದುಕೊಂಡರೆ ಸಾಕು.

ಮೊದಲು ನಮ್ಮೂರ ಸುತ್ತ

ಎಲ್ಲ ಕೆಲಸ ಓಟದ ಹಿಂದಿನ ದಿನ ಮುಗಿಸೋದು ದೊಡ್ಡ ದಡ್ಡತನ. ಹೊಸ ಭಾಗ ಅಂದರೆ ಪರೀಕ್ಷೆಯಾಗದ ಭಾಗ. ಕನಿಷ್ಠ ಮೂರು ವಾರ ಮೊದಲು ಗ್ಯಾರೇಜ್‌ನಿಂದ ಗಾಡಿ ಹೊರಗೆ ಬರಬೇಕು. ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿ.ಮೀ. ಹಳೇ ರಸ್ತೆ, ಅಲ್ಲಿಂದ ಕೆ.ಎಂ.ದೊಡ್ಡಿ ಮೇಲೆ ಮಳವಳ್ಳಿ, ಮಳವಳ್ಳಿಯಿಂದ ವಾಪಸ್ ಮಂಡ್ಯ. ಈ ತ್ರಿಕೋನದಲ್ಲಿ ಹಂಪು, ಗುಂಡಿ, ಊರೊಳಗಿನ ಸಂದಣಿ ಎಲ್ಲ ಸಿಗುತ್ತೆ. ಮೊದಲ ಸುತ್ತು ಮುಗಿದ ಮೇಲೆ ನಾಲ್ಕೂ ಚಕ್ರದ ನಡುಭಾಗ ಕೈಯಿಂದ ಮುಟ್ಟಿ ನೋಡಬೇಕು. ಒಂದು ಮಾತ್ರ ಕೈ ಇಡಲಾಗದಷ್ಟು ಬಿಸಿ ಇದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗಿದೆ. ಗಾಡಿ ನಿಂತ ಜಾಗದಲ್ಲಿ ರಾತ್ರಿ ಒಂದು ರಟ್ಟು ಹಾಸಿಟ್ಟರೆ ಬೆಳಿಗ್ಗೆ ಎಲ್ಲೆಲ್ಲಿ ಸೋರಿದೆ ಅಂತ ತಾನೇ ಹೇಳುತ್ತೆ. ಅದು ಸರಿಹೋದ ಮೇಲೆ 300 ಕಿ.ಮೀ.ಯ ಒಂದು ದಿನ.

ಕಬ್ಬು ಅರೆಯೋ ಕಾಲದಲ್ಲಿ ಈ ರಸ್ತೆಗಳಲ್ಲಿ ಕತ್ತಲಾದ ಮೇಲೆ ಪರೀಕ್ಷೆ ಬೇಡ. ಹಿಂದೆ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್, ಹಳೇ ಕಾರಿನ ಮಂಕು ದೀಪ, ಡ್ರಮ್ ಬ್ರೇಕು. ಮೂರೂ ಒಂದೇ ಕಡೆ ಸೇರಬಾರದು.

ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿಗೆ ನಿಷೇಧವಿಲ್ಲ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ನಂಥ ಗಾಡಿಗಳಿಗೆ ಮುಖ್ಯ ಪಥ ಬಂದ್. ಆದರೆ 100ರಲ್ಲಿ ಬರೋ ಗಾಡಿಗಳ ನಡುವೆ 55ರಲ್ಲಿ ಹೋಗೋದು ಅಪಾಯ. ಹಳೇ ಕಾರಿಗೆ ಹಳೇ ರಸ್ತೆಯೇ ಸರಿ. ಬೈಪಾಸ್ ಆದ ಮೇಲೆ ಗಿರಾಕಿ ಕಳೆದುಕೊಂಡ ಮದ್ದೂರಿನ ಹೋಟೆಲ್, ಅಂಗಡಿಯವರಿಗೂ ಇದರಲ್ಲಿ ಲಾಭ ಇದೆ. 20 ಹಳೇ ಕಾರು ನಿಂತರೆ 50-60 ಜನ ವಡೆ ತಿಂತಾರೆ, ಕೂಲೆಂಟ್, ಬೆಲ್ಟ್, ಫ್ಯೂಸ್, ಹೋಸ್ ಕ್ಲಿಪ್ ಕೇಳ್ತಾರೆ. ಬಿಡಿಭಾಗದ ಅಂಗಡಿಯವರು ಅಟ್ಟದ ಮೇಲಿನ ಹಳೇ ಸ್ಟಾಕ್ ಗುಜರಿಗೆ ಹಾಕೋ ಮೊದಲು ಒಂದು ಸಲ ನೋಡಿಕೊಳ್ಳಲಿ. ಕಾರ್ಬುರೇಟರ್ ಬಿಚ್ಚಿ ಕಿವಿಯಲ್ಲೇ ಟ್ಯೂನ್ ಮಾಡೋ ಮೆಕ್ಯಾನಿಕ್‌ಗಳಿಗೆ ವಯಸ್ಸಾಗಿದೆ, ಹುಡುಗರು ಸ್ಕ್ಯಾನರ್ ಹಿಡಿದಿದ್ದಾರೆ. ಆ ಕೈಗಳು ಇರೋವಾಗಲೇ ಪಕ್ಕದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡರೆ ಗ್ಯಾರೇಜಿಗೇ ಒಳ್ಳೇದು.

ಕಾಗದಪತ್ರ

15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ಆರ್‌ಟಿಒದಲ್ಲಿ ನವೀಕರಿಸಿಕೊಳ್ಳಬೇಕು. 50 ವರ್ಷ ದಾಟಿದ್ದು, ಮೂಲರೂಪ ಕೆಡದೇ ಇದ್ದರೆ 2021ರ ಜುಲೈನ ಕೇಂದ್ರ ನಿಯಮದಂತೆ ‘ವಿಂಟೇಜ್’ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20 ಸಾವಿರ ರೂ., ಹತ್ತು ವರ್ಷಕ್ಕೆ ಮಾನ್ಯ, ಆಮೇಲೆ ನವೀಕರಣಕ್ಕೆ 5 ಸಾವಿರ. ಮೊದಲೇ ನೋಂದಣಿ ಆಗಿರೋ ಗಾಡಿ ‘ಎಂವೈ’ ಅಂತ ಶುರುವಾಗೋ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಒಂದು ಎಚ್ಚರಿಕೆ: ವಿಂಟೇಜ್ ಅಂತ ಆದ ಮೇಲೆ ಆ ಗಾಡಿಯನ್ನು ದಿನಬಳಕೆಗೆ, ಬಾಡಿಗೆಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಯಬಹುದು. ಅಂಬಾಸಿಡರ್‌ನಲ್ಲಿ ಇನ್ನೂ ಸಂತೆಗೆ ಹೋಗೋರು, ಮದುವೆಗೆ ಬಾಡಿಗೆ ಬಿಡೋರು ಯೋಚನೆ ಮಾಡಿ ಅರ್ಜಿ ಹಾಕಬೇಕು.

ಹೊರಡೋ ದಿನ ಡಿಕ್ಕಿಯಲ್ಲಿ ಇರಬೇಕಾದ್ದು: ಫ್ಯಾನ್ ಬೆಲ್ಟ್ ಎರಡು, ರೇಡಿಯೇಟರ್ ಹೋಸ್ ಮತ್ತು ಕ್ಲಿಪ್, ಪಾಯಿಂಟ್-ಕಂಡೆನ್ಸರ್-ರೋಟರ್, ಪಂಪ್ ಕಿಟ್, ಟ್ಯೂಬ್, ಫ್ಯೂಸ್, ಬಲ್ಬ್, ಬ್ರೇಕ್ ಆಯಿಲ್, ಎಂಜಿನ್ ಆಯಿಲ್, ಹತ್ತು ಲೀಟರ್ ನೀರು, ಕಟ್ಟುವ ತಂತಿ, ಎಳೆಯೋ ಹಗ್ಗ, ಜಾಕ್, ರಸ್ತೆಯಲ್ಲಿ ಇಡೋ ಕೆಂಪು ತ್ರಿಕೋನ. ಬೆಂಕಿ ಆರಿಸೋ ಸಿಲಿಂಡರ್ ಮಾತ್ರ ಡಿಕ್ಕಿಯಲ್ಲಿ ಬೇಡ, ಡ್ರೈವರ್ ಕೈಗೆ ಸಿಗೋ ಕಡೆ ಇರಲಿ.

ಸಮಯದ ಲೆಕ್ಕವೂ ಮೊದಲೇ ಆಗಬೇಕು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್, ದಿಂಬಂನಲ್ಲೂ ರಾತ್ರಿ ನಿರ್ಬಂಧ ಇದೆ. ಹೊಸ ಕಾರು ಎರಡು ಗಂಟೆಯಲ್ಲಿ ದಾಟೋ ದಾರಿಗೆ ಹಳೇದಕ್ಕೆ ಮೂರೂವರೆ ಗಂಟೆ ಇಟ್ಟುಕೊಂಡು, ಬೆಳಿಗ್ಗೆ ಆರಕ್ಕೇ ಮಂಡ್ಯ ಬಿಡೋದು ವಾಸಿ.