ಎ.ಪಿ.ಐ. ಪರೀಕ್ಷೆಗೆ ಜಾವಾ ಪರಿಸರದ ಸಿದ್ಧತೆ

ಸ್ಕ್ರೂಗೇಜಿನಿಂದ ತಂತಿಯ ದಪ್ಪವನ್ನು ಅಳೆಯುವ ವಿದ್ಯಾರ್ಥಿಯು ಮೊದಲು ಆ ಉಪಕರಣದ ಶೂನ್ಯದೋಷವನ್ನು ಗುರುತಿಸಿಕೊಳ್ಳುತ್ತಾನೆ. ಇಲ್ಲವಾದರೆ ಕಂಡುಬಂದ ವ್ಯತ್ಯಾಸವು ತಂತಿಯದೋ ಉಪಕರಣದ್ದೋ ಎಂದು ನಿರ್ಣಯಿಸುವಂತಿಲ್ಲ. ಮಹದೇವಪುರ, ವೈಟ್‌ಫೀಲ್ಡ್‌ಗಳ ತಂತ್ರಾಂಶ ಕಚೇರಿಗಳಲ್ಲಿ ನಡೆಯುವ ಪರೀಕ್ಷೆಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ.

ಒಂದು ಪ್ರೋಗ್ರಾಮು ಮತ್ತೊಂದರಿಂದ ಕೆಲಸ ಮಾಡಿಸಿಕೊಳ್ಳಲು ಏರ್ಪಟ್ಟಿರುವ ಪ್ರಶ್ನೋತ್ತರದ ಕಟ್ಟಳೆಗೆ ಎ.ಪಿ.ಐ. ಎಂದು ಹೆಸರು. ಸಿಂಗಯ್ಯನಪಾಳ್ಯ ನಿಲ್ದಾಣದಿಂದ ವೈಟ್‌ಫೀಲ್ಡಿಗೆ ಹೊರಟ ಪ್ರಯಾಣಿಕನು ಮೊಬೈಲಿನಲ್ಲಿ ಮೆಟ್ರೋ ಟಿಕೆಟ್ಟನ್ನು ಕೊಳ್ಳುವನೆನ್ನೋಣ. ಮೊಬೈಲಿನ ಪ್ರೋಗ್ರಾಮು ದೂರದ ಸರ್ವರನ್ನು ದರವೆಷ್ಟೆಂದು ಕೇಳುತ್ತದೆ. ಉತ್ತರದೊಡನೆ ಒಂದು ಸಂಖ್ಯೆಯೂ ಬರುತ್ತದೆ: 200 ಎಂದರೆ ಕೋರಿಕೆ ನೆರವೇರಿತು, 404 ಎಂದರೆ ಕೇಳಿದ್ದು ಅಲ್ಲಿಲ್ಲ. ಆದರೆ 200 ಬಂದ ಮಾತ್ರಕ್ಕೆ ದರವು ಸರಿಯೆಂದು ಹೇಳಲಾಗದು. ಪರೀಕ್ಷೆಯು ಎರಡನ್ನೂ ನೋಡಬೇಕು.

ನೋಡದಿದ್ದರೆ ಏನಾದೀತು? ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯು 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಬಳಿ ನಷ್ಟವಾಯಿತು. ಭೂಮಿಯ ಮೇಲಿದ್ದ ಒಂದು ಪ್ರೋಗ್ರಾಮು ಆವೇಗವನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟಿತು; ಅದನ್ನು ಸ್ವೀಕರಿಸಿದ ಪ್ರೋಗ್ರಾಮು ನ್ಯೂಟನ್-ಸೆಕೆಂಡುಗಳೆಂದೇ ಭಾವಿಸಿತು. ಎರಡಕ್ಕೂ ಸುಮಾರು 4.45 ಪಟ್ಟು ಅಂತರ. ಪ್ರೋಗ್ರಾಮುಗಳು ಕೂಡುವ ಎಡೆಯಲ್ಲಿ ದೋಷವು ಹೀಗೆ ಅಡಗಿರುತ್ತದೆ. ಪ್ರತಿಯೊಂದು ಬದಲಾವಣೆಯ ಬಳಿಕವೂ ನೂರಾರು ಪ್ರಶ್ನೆಗಳನ್ನು ಮನುಷ್ಯನೇ ಕೇಳುವುದು ದುಸ್ಸಾಧ್ಯವಾದ್ದರಿಂದ, ಯಂತ್ರವೇ ಕೇಳಿ ಯಂತ್ರವೇ ತಾಳೆ ನೋಡುವ ಏರ್ಪಾಡು ಬೇಕು.

ಈ ಏರ್ಪಾಡಿಗೆ ಬೇಕಾದ ಸಾಮಗ್ರಿಗಳಾವುವು? ಮೊದಲನೆಯದು ಜಾವಾ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ಈ ಭಾಷೆಯಲ್ಲಿ ಬರೆದುದು ಮೊದಲು ಬೈಟ್‌ಕೋಡ್ ಎಂಬ ರೂಪಕ್ಕೆ ಬದಲಾಗುತ್ತದೆ. ಅದನ್ನು ಜಾವಾ ವರ್ಚುಯಲ್ ಮೆಷಿನ್ ನಡೆಸುತ್ತದೆ. ಇವೆರಡೂ ಅಡಕವಾಗಿರುವ ಜೆ.ಡಿ.ಕೆ.ಯನ್ನು ಸ್ಥಾಪಿಸಿ, ಅದು ಇರುವ ತಾಣವನ್ನು 'ಜಾವಾ ಹೋಮ್' ಎಂಬ ಹೆಸರಿನಲ್ಲಿ ಗಣಕಯಂತ್ರಕ್ಕೆ ತಿಳಿಸಬೇಕು. ಎರಡನೆಯದು ಮೇವೆನ್. ಬೇಕಾದ ಉಪಕರಣಗಳನ್ನೂ ಅವುಗಳ ಆವೃತ್ತಿಗಳನ್ನೂ ಒಂದು ಕಡತದಲ್ಲಿ ನಮೂದಿಸಿದರೆ, ಇದು ಅವನ್ನು ಅಂತರಜಾಲದಿಂದ ತಾನೇ ತರುತ್ತದೆ. ಆ ಉಪಕರಣಗಳಲ್ಲಿ ಮುಖ್ಯವಾದವು ಎರಡು: ಪರೀಕ್ಷೆಗಳನ್ನು ಒಂದೊಂದಾಗಿ ನಡೆಸಿ ಫಲಿತಾಂಶವನ್ನು ವರದಿ ಮಾಡುವ ಜೆಯೂನಿಟ್, ಸರ್ವರಿಗೆ ಪ್ರಶ್ನೆಯನ್ನು ಕಳುಹಿಸಿ ಉತ್ತರವನ್ನು ಒರೆಗೆ ಹಚ್ಚುವ ರೆಸ್ಟ್ ಅಶ್ಯೂರ್ಡ್. ಈ ಎರಡನೆಯದರಲ್ಲಿ ಪರೀಕ್ಷೆಯನ್ನು 'ಹೀಗಿರುವಾಗ, ಹೀಗೆ ಕೇಳಿದರೆ, ಹೀಗೆ ಬರಬೇಕು' ಎಂಬ ಮೂರು ಹಂತಗಳಲ್ಲಿ ಬರೆಯುವುದು ರೂಢಿ.

ಇಲ್ಲಿ ಶೂನ್ಯದೋಷವು ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ಆವೃತ್ತಿಗಳಿಂದ. ಪ್ರತಿಯೊಂದು ಬೈಟ್‌ಕೋಡ್ ಕಡತದಲ್ಲಿಯೂ ಒಂದು ಸಂಖ್ಯೆಯಿರುತ್ತದೆ: ಜಾವಾ 17ಕ್ಕೆ 61, ಜಾವಾ 21ಕ್ಕೆ 65. ಜಾವಾ 21ಕ್ಕೆಂದು ಸಿದ್ಧಪಡಿಸಿದ ಕಡತವನ್ನು ಜಾವಾ 17ರ ಯಂತ್ರಕ್ಕೆ ಕೊಟ್ಟರೆ, ಅದು 65ನ್ನು ಕಂಡೊಡನೆಯೇ ನಿರಾಕರಿಸುತ್ತದೆ. ಸರ್ವರಿಗೆ ಒಂದು ಪ್ರಶ್ನೆಯೂ ಹೋಗಿರುವುದಿಲ್ಲ. ಆದರೂ ಪರೀಕ್ಷೆಯು ವಿಫಲವಾದಂತೆ ತೋರುತ್ತದೆ. ಆದ್ದರಿಂದ ಮೇವೆನ್ ಯಾವ ಜಾವಾವನ್ನು ಬಳಸುತ್ತಿದೆಯೆಂಬುದನ್ನು ಅದರ ಆವೃತ್ತಿಸೂಚಕ ಆಜ್ಞೆಯಿಂದ ಮೊದಲೇ ತಿಳಿದುಕೊಳ್ಳಬೇಕು. ಜನರು ಬಳಸುತ್ತಿರುವ ಸರ್ವರಿನ ಬದಲು ಪರೀಕ್ಷೆಗೆಂದೇ ಮೀಸಲಾದ ಸರ್ವರಿನ ವಿಳಾಸವನ್ನು ಕೊಡಬೇಕು. ಅದರಲ್ಲಿರುವ ಮಾಹಿತಿಯೂ ಪ್ರತಿ ಸಲ ಒಂದೇ ಸ್ಥಿತಿಯಿಂದ ಆರಂಭವಾಗಬೇಕು.

ಇಷ್ಟಾದ ಮೇಲೆ ಪರೀಕ್ಷೆಯನ್ನು ಯಾವ ಗಣಕಯಂತ್ರದಲ್ಲಿ ನಡೆಸಿದರೂ ಫಲಿತಾಂಶವು ಒಂದೇ ಆಗಿರಬೇಕು. ಆಗ ಬಂದ ವೈಫಲ್ಯವು ಪ್ರೋಗ್ರಾಮಿನ ದೋಷವನ್ನೇ ತೋರಿಸುತ್ತದೆಂದು ನಾವು ನಂಬಬಹುದು.