ಪೂರ್ವತಯಾರಿ ಎಂದರೆ ಪಿತೂರಿಯೇ?

2021ರ ಫೆಬ್ರುವರಿಯಲ್ಲಿ ಟಿ.ವಿ. ಚರ್ಚೆಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಒಂದೇ ಮಾತು: ಟೂಲ್‌ಕಿಟ್. ಹಾಗೆಂದು ಕರೆಯಲಾದ, ರೈತ ಹೋರಾಟವನ್ನು ಬೆಂಬಲಿಸುವ ಒಂದು ಗೂಗಲ್ ಡಾಕ್ಯುಮೆಂಟಿಗೆ ಸಂಬಂಧಿಸಿ, ಬೆಂಗಳೂರಿನ 22 ವರ್ಷದ ಹವಾಮಾನ ಕಾರ್ಯಕರ್ತೆ ದಿಶಾ ರವಿ ಅವರನ್ನು ದೆಹಲಿ ಪೊಲೀಸರು ಬಂಧಿಸಿದ್ದರು. ಫೆಬ್ರುವರಿ 23ರಂದು ಜಾಮೀನು ಕೊಟ್ಟ ದೆಹಲಿಯ ನ್ಯಾಯಾಧೀಶ ಧರ್ಮೇಂದರ್ ರಾಣಾ, ವಾಟ್ಸ್‌ಆ್ಯಪ್ ಗುಂಪು ಕಟ್ಟುವುದಾಗಲಿ ನಿರುಪದ್ರವಿ ಟೂಲ್‌ಕಿಟ್ ಒಂದನ್ನು ತಿದ್ದುವುದಾಗಲಿ ಅಪರಾಧವಲ್ಲ ಎಂದು ಸ್ಪಷ್ಟವಾಗಿ ಬರೆದರು. ಬಂಧನದ ಸುದ್ದಿ ಮುಟ್ಟಿದಷ್ಟು ದೂರ ಆ ಆದೇಶ ಮುಟ್ಟಲಿಲ್ಲ. ಹಾಗಾಗಿ ಒಂದು ಅನುಮಾನ ಜನರ ಮನಸ್ಸಿನಲ್ಲಿ ಉಳಿದೇಬಿಟ್ಟಿತು. ಪ್ರತಿಭಟನೆಗೆ ಲಿಖಿತ ಯೋಜನೆ ಇದೆಯೆಂದರೆ ಹಿಂದೆ ಯಾರದೋ ಕೈವಾಡ ಇರಲೇಬೇಕು ಎಂಬ ಅನುಮಾನ.

“ನಿಜವಾದ ಹೋರಾಟ ತಾನಾಗಿ ಹುಟ್ಟುತ್ತದೆ, ಪ್ಲ್ಯಾನ್ ಮಾಡಿದ್ದೆಲ್ಲ ಪ್ರಾಯೋಜಿತ”

ಊರ ಜಾತ್ರೆಗೆ ಸಮಿತಿ ಬೇಕು, ಚೀಟಿ ಬೇಕು, ನೀರು ಕೊಡುವವರು ಯಾರೆಂದು ಮೊದಲೇ ಗೊತ್ತಿರಬೇಕು. ಸಾವಿರ ಜನರನ್ನು ಸುಡುಬಿಸಿಲಲ್ಲಿ ರಸ್ತೆಗೆ ಕರೆಯುವವರಿಗೆ ಮಾತ್ರ ಯಾವ ತಯಾರಿಯೂ ಇರಬಾರದು ಎಂದರೆ ಹೇಗೆ?

ನಾವು ತಾನಾಗಿ ಉಕ್ಕಿ ಬಂದದ್ದು ಎಂದುಕೊಳ್ಳುವ ಹೋರಾಟಗಳ ಒಳಹೊಕ್ಕು ನೋಡಬೇಕು. ದಂಡಿ ಯಾತ್ರೆ ಹೊರಟದ್ದು 1930ರ ಮಾರ್ಚ್ 12ಕ್ಕೆ. ಅದಕ್ಕೆ ಹತ್ತು ದಿನ ಮೊದಲೇ ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಪತ್ರ ಬರೆದು, ಏನು ಮಾಡಲಿದ್ದೇನೆ, ಏಕೆ ಮಾಡಲಿದ್ದೇನೆ ಎಂದು ತಿಳಿಸಿದ್ದರು. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ಒಂದು ತಂಡ ಮುಂದಾಗಿ ಹೋಗಿ ಊರೂರಿನಲ್ಲಿ ತಂಗುವ, ಉಣ್ಣುವ ವ್ಯವಸ್ಥೆ ನೋಡುತ್ತಿತ್ತು. ಪ್ರತಿ ಊರಿನ ಜನಸಂಖ್ಯೆ ಎಷ್ಟು, ಚರಕಗಳೆಷ್ಟು, ದನಗಳೆಷ್ಟು ಎಂಬ ಲೆಕ್ಕವನ್ನು ಗಾಂಧೀಜಿ ಕೇಳಿ ಪಡೆಯುತ್ತಿದ್ದರು. ಅಡುಗೆ ಸರಳವಾಗಿರಲಿ ಎಂಬ ಸೂಚನೆಯೂ ಹೋಗಿತ್ತು. ಹೊರಟಾಗ ಜೊತೆಗಿದ್ದ 78 ಮಂದಿಯನ್ನು ಆರಿಸಿ ತೆಗೆಯಲಾಗಿತ್ತು. ಅವರಲ್ಲೊಬ್ಬರು ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಅಚ್ಚುಕಟ್ಟಾದ ಟೂಲ್‌ಕಿಟ್, ಎದುರಾಳಿಯ ಕೈಗೇ ಒಂದು ಪ್ರತಿ ಕೊಟ್ಟು ಹೊರಟದ್ದು.

ಪಿತೂರಿಗೂ ಪೂರ್ವತಯಾರಿಗೂ ಇರುವ ಗೆರೆ ಅಲ್ಲೇ ಕಾಣುತ್ತದೆ. ದಿನ, ದಾರಿ, ಬೇಡಿಕೆ, ಸಂಘಟಕರ ಹೆಸರು ಎಲ್ಲವೂ ಕರಪತ್ರದಲ್ಲಿ ಅಚ್ಚಾಗಿದ್ದರೆ ಮುಚ್ಚಿಡಲು ಉಳಿಯುವುದಾದರೂ ಏನು?

“ಪ್ರತಿಭಟನೆ ನಮ್ಮ ಹಕ್ಕು, ಯಾರನ್ನೂ ಕೇಳಬೇಕಿಲ್ಲ”

ಇದರ ಮಗ್ಗುಲಲ್ಲೇ ಇನ್ನೊಂದು ತಪ್ಪು ಕಲ್ಪನೆಯಿದೆ: “ಪೊಲೀಸರು ಬೇಡ ಎಂದರೆ ಮುಗಿಯಿತು.” ಎರಡೂ ಅರ್ಧ ಸತ್ಯ.

ಶಾಂತಿಯುತವಾಗಿ, ನಿರಾಯುಧರಾಗಿ ಸೇರುವ ಹಕ್ಕನ್ನು ಸಂವಿಧಾನದ 19(1)(ಬಿ) ವಿಧಿ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆಗಾಗಿ ಸಮಂಜಸ ನಿರ್ಬಂಧ ಹೇರಲು 19(3) ಅವಕಾಶ ಕೊಟ್ಟಿದೆ. ಬೀದಿಯಲ್ಲಿ ಸಭೆ ಸೇರುವುದನ್ನು ಪೊಲೀಸರು ನಿಯಂತ್ರಿಸಬಹುದೇ ಹೊರತು ಮನಬಂದಂತೆ ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ, ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಹೇಳಿದೆ. ಅದೇ ಕೋರ್ಟ್ 2020ರ ಅಕ್ಟೋಬರಿನಲ್ಲಿ, ಶಾಹೀನ್ ಬಾಗ್ ಪ್ರಕರಣದಲ್ಲಿ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟಾವಧಿಗೆ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದೂ ಹೇಳಿತು. ನಿಷೇಧಾಜ್ಞೆ ಇದ್ದರೆ (ಹಳೆಯ 144ನೇ ಸೆಕ್ಷನ್, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163) ಅದರ ಆದೇಶ ಪ್ರಕಟವಾಗಿರಬೇಕು. ನ್ಯಾಯಬದ್ಧ ಅಭಿಪ್ರಾಯದ ಬಾಯಿ ಮುಚ್ಚಿಸಲು ಅದನ್ನು ಬಳಸುವಂತಿಲ್ಲ. ಠಾಣೆಯಲ್ಲಿ “144 ಇದೆ ಹೋಗ್ರಿ” ಎಂದರೆ “ಆದೇಶದ ಪ್ರತಿ ಕೊಡಿ ಸಾರ್” ಎಂದು ಕೇಳುವುದು ಉದ್ಧಟತನವಲ್ಲ.

ಬೆಂಗಳೂರಿನ ಕಥೆ ಬೇರೆ. ಪೊಲೀಸ್ ಕಮಿಷನರ್ ಅವರ 2021ರ ಆದೇಶದಂತೆ ನಗರದಲ್ಲಿ ಪ್ರತಿಭಟನೆಗೆ ಇರುವುದು ಫ್ರೀಡಂ ಪಾರ್ಕ್ ಒಂದೇ. ಮರುವರ್ಷ ಹೈಕೋರ್ಟ್ ಅದನ್ನು ಕಟ್ಟುನಿಟ್ಟಾಗಿ ಪಾಲಿಸಲು ಸೂಚಿಸಿತು. ಕೆರೆ ಹಾಳಾಗುವುದು ಒಂದು ಕಡೆ, ಮರ ಬೀಳುವುದು ಇನ್ನೊಂದು ಕಡೆ, ಅದರ ಬಗ್ಗೆ ಕೂಗುವುದು ಮಾತ್ರ ಹಳೆಯ ಸೆಂಟ್ರಲ್ ಜೈಲಿನ ಆವರಣದಲ್ಲಿ. ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಆದರೆ ಅದು ಇದೆ ಎಂಬುದನ್ನು ಕರೆದ ಜನರಿಗೆ ತಿಳಿಸದೆ, ಅವರ ಮೇಲೆ ಎಫ್‌ಐಆರ್ ಬೀಳುವಂತೆ ಮಾಡುವ ಸಂಘಟಕರು ಹೊಣೆಗೇಡಿಗಳು. ಧ್ವನಿವರ್ಧಕಕ್ಕೆ ಬೇರೆಯೇ ಲಿಖಿತ ಅನುಮತಿ ಬೇಕು ಎಂಬುದನ್ನೂ ಮರೆಯುವವರೇ ಹೆಚ್ಚು.

“ಒಳ್ಳೆಯ ಜನ ಸೇರಿದರೆ ಗಲಾಟೆ ಆಗುವುದಿಲ್ಲ”

ಆಗುತ್ತದೆ. ಗುಂಪಿನ ಶಾಂತಿ ಜನರ ಸ್ವಭಾವದಿಂದಷ್ಟೇ ಬರುವುದಿಲ್ಲ, ಏರ್ಪಾಡಿನಿಂದ ಬರುತ್ತದೆ. ಇಪ್ಪತ್ತು ಮೂವತ್ತು ಜನಕ್ಕೊಬ್ಬ ಸ್ವಯಂಸೇವಕ, ತೋಳಿಗೆ ಎಲ್ಲರಿಗೂ ಕಾಣುವ ಬಣ್ಣದ ಪಟ್ಟಿ. ಪೊಲೀಸರೊಂದಿಗೆ ಮಾತಾಡಲು ಒಬ್ಬರೇ. ನಾಲ್ವರು ಮಾತಿಗಿಳಿದರೆ ನಾಲ್ಕು ಒಪ್ಪಂದಗಳಾಗಿ ಜಗಳ ಅಲ್ಲೇ ಹತ್ತಿಕೊಳ್ಳುತ್ತದೆ. ವಕೀಲರ ನಂಬರನ್ನು ಬಾಲ್‌ಪೆನ್ನಿನಲ್ಲಿ ಮುಂಗೈ ಮೇಲೆ ಬರೆದುಕೊಂಡಿರಬೇಕು, ಮೊಬೈಲು ಯಾವಾಗ ಕೈತಪ್ಪುತ್ತದೋ ಹೇಳಲಾಗದು. ನೀರು, ಒಆರ್‌ಎಸ್, ನೆರಳು. ಶುರುವಿನ ಸಮಯದಷ್ಟೇ ಮುಗಿಯುವ ಸಮಯವೂ ಕರಪತ್ರದಲ್ಲಿರಬೇಕು. ಮುಗಿದ ಮೇಲೂ ಅಲ್ಲೇ ಸುಳಿದಾಡುವ ಗುಂಪಿನಲ್ಲಿ ಹೇಳುವವರು ಕೇಳುವವರು ಇರುವುದಿಲ್ಲ, ಕಿಡಿ ಹತ್ತುವುದು ಆಗಲೇ.

ಯಾರೋ ಒಬ್ಬ ಕಲ್ಲೆತ್ತಿದ ಎನ್ನಿ. ಅವನನ್ನು ಹಿಡಿಯಲು ಓಡಿದರೆ ನೂಕುನುಗ್ಗಲು. ಬಲ್ಲವರು ಮೈಕಿನಲ್ಲಿ ಒಂದೇ ಮಾತು ಹೇಳುತ್ತಾರೆ: ಎಲ್ಲರೂ ಕೂತ್ಕೊಳ್ಳಿ. ನೂರು ಜನ ಕುಳಿತಾಗ ನಿಂತವನು ಒಬ್ಬನೇ. ಕ್ಯಾಮೆರಾಕ್ಕೂ ಪೊಲೀಸರಿಗೂ ಯಾರು ಯಾರೆಂದು ತಾನಾಗಿ ತಿಳಿಯುತ್ತದೆ. ಇದನ್ನು ಹಿಂದಿನ ದಿನ ಒಮ್ಮೆ ಅಭ್ಯಾಸ ಮಾಡಿರಬೇಕು, ಅಷ್ಟೆ.

ಇನ್ನೊಂದು ಮಾತು. ಹವಾಮಾನದ ಹೋರಾಟಕ್ಕೆ ಫ್ಲೆಕ್ಸ್ ಕಟ್ಟುವವರನ್ನು ಏನೆನ್ನೋಣ? ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷಿದ್ಧ. ಹಳೆಯ ಬೆಡ್‌ಶೀಟು, ಫ್ರಿಜ್ ಬಂದ ರಟ್ಟಿನ ಡಬ್ಬ ಸಾಕು.

“ಲಕ್ಷ ಜನ ಸೇರದಿದ್ದರೆ ಯಾರೂ ತಿರುಗಿ ನೋಡಲ್ಲ”

ಇದಕ್ಕೆ ವಿದ್ವತ್ತಿನ ಬಣ್ಣವೂ ಬಂದಿದೆ. ಜನಸಂಖ್ಯೆಯ ಶೇ 3.5ರಷ್ಟು ಮಂದಿ ಬೀದಿಗಿಳಿದರೆ ಗೆಲುವು ಖಚಿತ ಎಂಬ ಮಾತು ಫಲಕಗಳ ಮೇಲೂ ಕಾಣುತ್ತದೆ. ಅದರ ಮೂಲ ಎರಿಕಾ ಚೆನೊವೆತ್ ಎಂಬ ರಾಜ್ಯಶಾಸ್ತ್ರಜ್ಞರ ಅಧ್ಯಯನ. ಮರಿಯಾ ಸ್ಟೀಫನ್ ಜೊತೆ ಅವರು 1900ರಿಂದ 2006ರವರೆಗಿನ 323 ಚಳವಳಿಗಳನ್ನು ಹೋಲಿಸಿದ್ದರು. ಅಹಿಂಸಾತ್ಮಕವಾದವುಗಳಲ್ಲಿ ಗೆದ್ದದ್ದು ಶೇ 53, ಹಿಂಸಾತ್ಮಕವಾದವುಗಳಲ್ಲಿ ಶೇ 26. ಶಾಂತಿಯಿಂದ ಏನೂ ಆಗದು ಎನ್ನುವವರಿಗೆ ಇದು ಒಳ್ಳೆಯ ಉತ್ತರ. ಆದರೆ ಅವು ಬಹುಪಾಲು ಸರ್ವಾಧಿಕಾರವನ್ನು ಕೆಡವಲು, ಪರಕೀಯರನ್ನು ಓಡಿಸಲು ನಡೆದ ಚಳವಳಿಗಳು, ಇಂಗಾಲದ ನೀತಿ ಬದಲಿಸಲು ನಡೆದವಲ್ಲ. ಶೇ 3.5 ಹಿಂದೆ ಕಂಡ ಒಂದು ಪ್ರವೃತ್ತಿ, ಮುಂದಿನ ಗ್ಯಾರಂಟಿಯಲ್ಲ ಎಂದು ಚೆನೊವೆತ್ ಅವರೇ ಆಮೇಲೆ ತಿಳಿಹೇಳಿದ್ದಾರೆ.

ಸಂಖ್ಯೆಗಿಂತ ಬೇಡಿಕೆಯ ಮೊನಚು ಮುಖ್ಯ. 2016ರ ಅಕ್ಟೋಬರ್ 16ರ ಭಾನುವಾರ ಬೆಂಗಳೂರಿನಲ್ಲಿ ಕೈ ಕೈ ಹಿಡಿದು ಮಾನವ ಸರಪಳಿ ಕಟ್ಟಿದವರು ಕೆಲವೇ ಸಾವಿರ. ಕೋಟಿ ಮಂದಿಯ ಊರಿನಲ್ಲಿ ಅದು ಯಾವ ಲೆಕ್ಕ? ಆದರೆ ಅವರ ಬೇಡಿಕೆ ಕನ್ನಡದ ಒಂದು ಪದದಲ್ಲಿ ಮುಗಿಯುತ್ತಿತ್ತು: ಸ್ಟೀಲ್ ಫ್ಲೈಓವರ್ ‘ಬೇಡ’. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ., ಸುಮಾರು 1,791 ಕೋಟಿ ರೂಪಾಯಿ, 812 ಮರ. ಉತ್ತರಿಸಬೇಕಾದವರು ಯಾರೆಂಬುದೂ ಎಲ್ಲರಿಗೂ ಗೊತ್ತಿತ್ತು. ಬೀದಿಯ ಜೊತೆಗೆ ಕಾನೂನಿನ ದಾರಿಯೂ ನಡೆದು, ಅದೇ ತಿಂಗಳು ಹಸಿರು ನ್ಯಾಯಮಂಡಳಿಯಿಂದ ತಡೆ ಬಂತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಭ್ರಷ್ಟಾಚಾರದ ಆರೋಪಗಳ ರಾಜಕೀಯವೂ ಅದರಲ್ಲಿ ಸೇರಿತ್ತೆನ್ನುವುದು ಬೇರೆ ಮಾತು.

ಹವಾಮಾನದ ವಿಷಯದಲ್ಲಿ ತೊಡಕಿರುವುದೇ ಇಲ್ಲಿ. ‘ಭೂಮಿ ಉಳಿಸಿ’ ಎಂಬ ಫಲಕ ಹಿಡಿದು ತಾಲ್ಲೂಕು ಕಚೇರಿಗೆ ಹೋದರೆ ತಹಶೀಲ್ದಾರರು ಏನು ಮಾಡಿಯಾರು? ಜೊತೆಗೆ ನಿಂತು ಫೋಟೊ ತೆಗೆಸಿಕೊಂಡಾರು.

ಇನ್ನು ಜನರನ್ನು ಬೆಚ್ಚಿಬೀಳಿಸಿದರೆ ಸಾಕು ಎಂಬ ನಂಬಿಕೆ. 2022ರ ಅಕ್ಟೋಬರಿನಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ‘ಜಸ್ಟ್ ಸ್ಟಾಪ್ ಆಯಿಲ್’ನ ಇಬ್ಬರು ಯುವ ಕಾರ್ಯಕರ್ತರು ವ್ಯಾನ್ ಗೋನ ಸೂರ್ಯಕಾಂತಿ ಚಿತ್ರದ ಮೇಲೆ ಟೊಮೆಟೊ ಸೂಪ್ ಎರಚಿದರು. ಗಾಜಿದ್ದರಿಂದ ಚಿತ್ರಕ್ಕೆ ಏನೂ ಆಗಲಿಲ್ಲ, ಚೌಕಟ್ಟು ಕೆಟ್ಟಿತು, ಇಬ್ಬರಿಗೂ ಜೈಲಾಯಿತು. ಸೂಪ್ ಯಾರಿಗೂ ಮರೆತಿಲ್ಲ. ಹೊಸ ತೈಲ, ಅನಿಲ ಪರವಾನಗಿ ಬೇಡವೆಂಬ ಅವರ ಬೇಡಿಕೆ ಎಷ್ಟು ಜನಕ್ಕೆ ನೆನಪಿದೆ? ಆಮೇಲೆ ಬಂದ ಲೇಬರ್ ಸರ್ಕಾರ ಹೊಸ ಪರವಾನಗಿ ಕೊಡುವುದಿಲ್ಲ ಎಂದ ಮೇಲೆ, 2025ರಲ್ಲಿ, ಇದು ನಮ್ಮ ಗೆಲುವೆಂದು ಹೇಳಿ ಸಂಘಟನೆ ಇಂಥ ಕಾರ್ಯಾಚರಣೆಗಳನ್ನು ನಿಲ್ಲಿಸಿತು. ಸೂಪಿನಿಂದಲೇ ಅದು ಆಯಿತೆಂದು ಸಾಧಿಸುವುದು ಕಷ್ಟ, ಏನೂ ಆಗಲಿಲ್ಲ ಎಂದು ಸಾಧಿಸುವುದೂ ಅಷ್ಟೇ ಕಷ್ಟ.

“ಪ್ರತಿಭಟನೆ ಮುಗಿಯಿತು, ಪೇಪರಲ್ಲಿ ಬಂತು, ಕೆಲಸ ಆಯಿತು”

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಕಲ್ಪನೆ ಇದು. ಸುದ್ದಿಯಾದ ಮೇಲೂ ಬೇಡಿಕೆಯ ಬೆನ್ನು ಹತ್ತಬೇಕು, ಅದಕ್ಕೆ ಬೆನ್ನು ಹತ್ತಲು ಬರುವಂಥ ಬೇಡಿಕೆಯೇ ಬೇಕು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದೇ ವರ್ಷದ ನವೆಂಬರಿನಲ್ಲಿ ಆಗಿನ ಬಿಬಿಎಂಪಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತು. ಬೇಡಿಕೆ ಹುಡುಕಲು ದೂರ ಹೋಗಬೇಕಿಲ್ಲ. ಆ ಯೋಜನೆಯಲ್ಲಿ ಸರ್ಕಾರವೇ ಒಪ್ಪಿಕೊಂಡ ಒಂದು ಕೆಲಸವನ್ನು ಆರಿಸಿ, “ಇದು ಎಲ್ಲಿಗೆ ಬಂತು?” ಎಂದು ಕೇಳಿದರೆ ಅಧಿಕಾರಿ ನುಣುಚಿಕೊಳ್ಳುವುದು ಕಷ್ಟ.

ಮನವಿ ಪತ್ರವನ್ನು ಅಧಿಕಾರಿಯ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡು ಬಂದರೆ ಅದು ಮೇಜಿನ ಮೇಲೇ ಉಳಿಯುತ್ತದೆ. ಇನ್ನೊಂದು ಪ್ರತಿಯನ್ನು ಟಪಾಲು ವಿಭಾಗಕ್ಕೆ ಒಯ್ದು ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಬೇಕು. ತಿಂಗಳು ಕಳೆದ ಮೇಲೆ ಹತ್ತು ರೂಪಾಯಿ ಶುಲ್ಕ ಕಟ್ಟಿ, ಆ ಸಂಖ್ಯೆ ನಮೂದಿಸಿ, ಕಡತದ ಟಿಪ್ಪಣಿಗಳ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ಮುಂದಿನ ಪ್ರತಿಭಟನೆಯ ಕರಪತ್ರಕ್ಕೆ ಬೇಕಾದ ಮೊದಲ ಸಾಲು ಬಹುತೇಕ ಆ ಉತ್ತರದಲ್ಲೇ ಸಿಗುತ್ತದೆ.